ಸ್ಟಿರಾಯ್ಡ್ ಬಿಡಿ ಅನ್ನುವ ಮುಂಚೆ, ಯಾಕೆ ತಗೊಳ್ತಿದ್ದಾರೆ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ಇತ್ತೀಚೆಗೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಸ್ಟಿರಾಯ್ಡ್ ಮಾತ್ರೆಗಳ ಅಡ್ಡಪರಿಣಾಮದ ಬಗ್ಗೆ ಒಂದು ಲೇಖನ ಬಂದಿತ್ತು. ಮುಖ ಊದುತ್ತದೆ, ಹೊಟ್ಟೆ ಬರುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ ಎಂದು ಬರೆದಿದ್ದರು. ಅದರಲ್ಲಿ ಸುಳ್ಳು ಒಂದೂ ಇಲ್ಲ. ಹೆಚ್ಚಿನವು ನನ್ನ ಮೈಮೇಲೇ ಬಂದು ಹೋಗಿವೆ. ಆದರೆ ಕೊನೆಯಲ್ಲಿ, ಇಂಥ ಮಾತ್ರೆ ತಗೊಳ್ಳುತ್ತಿರುವವರು ಆದಷ್ಟು ಬೇಗ ಬಿಟ್ಟುಬಿಡುವುದು ಒಳ್ಳೆಯದು ಎಂಬ ಮಾತಿತ್ತು. ಆ ಒಂದು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ಆ ಪುಟವನ್ನು ನನ್ನ ಓರಗಿತ್ತಿ ಕತ್ತರಿಸಿ ತಂದು ಹೊಲಿಗೆ ಮೆಷಿನ್ ಮೇಲೆ ಇಟ್ಟಳು. "ಅಕ್ಕಾ, ನೀನೂ ಇದನ್ನೇ ಅಲ್ವಾ ನುಂಗ್ತಿರೋದು? ಪೇಪರಲ್ಲೇ ಬಂದಿದೆ, ಬಿಟ್ಟುಬಿಡು" ಅಂದಳು. ಅವಳದು ಕಾಳಜಿ, ತಪ್ಪು ಹೇಳಲಾರೆ. ಆದರೆ ನಾನು ಅವಳ ಮಾತು ಕೇಳಿದರೆ ಕೆಲವೇ ದಿನದಲ್ಲಿ ಆಸ್ಪತ್ರೆ ಸೇರುತ್ತೇನೆ. ಅಲ್ಲಿ ಯಾರಿಗೂ ಕಾರಣ ಹೊಳೆಯದಿದ್ದರೆ ಜೀವ ಹೋಗುತ್ತದೆ. ಭಯಪಡಿಸಲು ಹೇಳುತ್ತಿಲ್ಲ, ನನ್ನ ಕಾಯಿಲೆಯೇ ಅಂಥದ್ದು.

ನಾನು ಚಳ್ಳಕೆರೆಯಲ್ಲಿ ಟೈಲರ್. ಬ್ಲೌಸ್, ಚೂಡಿದಾರ, ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ನನಗಿರುವುದು ಅಡಿಸನ್ ಕಾಯಿಲೆ. ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಅಷ್ಟೇ. ಕಾರ್ಟಿಸೋಲ್ ಎಂಬ ಹಾರ್ಮೋನು ಬರುವುದು ಅಲ್ಲಿಂದ. ಮೈಯಲ್ಲಿ ಉಪ್ಪು ಹಿಡಿದಿಡುವ ಅಲ್ಡೋಸ್ಟೆರೋನ್ ಕೂಡ ಅಲ್ಲಿಂದಲೇ. ಎರಡೂ ಸ್ಟಿರಾಯ್ಡ್ ಜಾತಿಯವೇ. ಅಂದರೆ ಈ ಪತ್ರ ಓದುತ್ತಿರುವ ಪ್ರತಿಯೊಬ್ಬರ ಮೈಯಲ್ಲೂ ಇವತ್ತು ಬೆಳಿಗ್ಗೆ ಸ್ಟಿರಾಯ್ಡ್ ತಯಾರಾಗಿದೆ. ನನ್ನ ಮೈಯಲ್ಲಿ ಆಗಿಲ್ಲ. ಕ್ಷಯ ಆ ಗ್ರಂಥಿಗಳನ್ನು ತಿಂದು ಹಾಕಿದೆ. ಹಾಗಾಗಿ ಬೋರ್ ಬತ್ತಿದ ಮನೆಗೆ ಟ್ಯಾಂಕರ್ ನೀರು ತರಿಸುವ ಹಾಗೆ, ಆ ಹಾರ್ಮೋನನ್ನು ನಾನು ಮಾತ್ರೆಯಲ್ಲಿ ತಗೊಳ್ಳುತ್ತೇನೆ. ಬದುಕಿರುವವರೆಗೂ ತಗೊಳ್ಳಬೇಕು.

1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಎಂಬ ವೈದ್ಯರು ಈ ಕಾಯಿಲೆಯ ಬಗ್ಗೆ ಬರೆದಾಗ, ಅವರು ನೋಡಿದ ರೋಗಿಗಳಲ್ಲಿ ಹಲವರಿಗೆ ಇದ್ದದ್ದು ಕ್ಷಯವೇ. ಆ ದೇಶಗಳಲ್ಲಿ ಈಗ ಕ್ಷಯದಿಂದ ಹೀಗಾಗುವುದು ಕಡಿಮೆ. ನಮ್ಮಲ್ಲಿ ಇನ್ನೂ ಇದೆ. ಕೆಮ್ಮೇ ಇಲ್ಲದ ಕ್ಷಯವೂ ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ಶುರುವಾದದ್ದು ಸುಸ್ತಿನಿಂದ. ಮಧ್ಯಾಹ್ನ ಮೆಷಿನ್ ಮುಂದಿನಿಂದ ಎದ್ದರೆ ಕಣ್ಣು ಕತ್ತಲೆ. ಊಟ ಸೇರದು, ಆದರೆ ಉಪ್ಪು ಬೇಕು. ಉಪ್ಪಿನಕಾಯಿ ಜಾಡಿಯ ರಸವನ್ನು ಚಮಚದಲ್ಲಿ ತಿನ್ನುತ್ತಿದ್ದೆ. ಆಮೇಲೆ ಬಣ್ಣ ಬದಲಾಯಿತು. ಬಿಸಿಲಿಗೆ ಕಪ್ಪಾಗುವ ರೀತಿ ಅದಲ್ಲ. ಅಂಗೈ ಗೆರೆಗಳು, ಬೆರಳ ಗೆಣ್ಣು, ಒಸಡು, ಆಗಾಗ ಸೂಜಿ ಚುಚ್ಚಿ ಹೊಸದಾಗಿ ಮಾಗಿದ ಕಲೆಗಳು, ಇವೆಲ್ಲ ಕಪ್ಪಾದವು. ಗಿರಾಕಿಗಳು "ಏನಕ್ಕಾ, ಹಿಂಗಾಗಿದೀರ" ಅನ್ನುತ್ತಿದ್ದರು. ರಕ್ತ ಕಡಿಮೆ ಅಂತ ಟಾನಿಕ್ ಕೊಟ್ಟವರಿದ್ದಾರೆ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಅಂದವರಿದ್ದಾರೆ. ಕೊನೆಗೆ ದಾವಣಗೆರೆಯ ಒಬ್ಬ ಡಾಕ್ಟರು ನನ್ನ ಕೈ ಹಿಡಿದು ಗೆಣ್ಣು ನೋಡಿದರು, ಬಾಯಿ ತೆರೆಸಿ ಒಸಡು ನೋಡಿದರು, ತಕ್ಷಣ ರಕ್ತಪರೀಕ್ಷೆಗೆ ಬರೆದರು. 135ರಿಂದ 145 ಇರಬೇಕಾದ ಸೋಡಿಯಂ 120ರ ಹತ್ತಿರ ಇಳಿದಿತ್ತು. ಪೊಟ್ಯಾಸಿಯಂ ಏರಿತ್ತು. ಬೆಳಗಿನ ಕಾರ್ಟಿಸೋಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಸ್ಕ್ಯಾನಿನಲ್ಲಿ ಎರಡೂ ಗ್ರಂಥಿಗಳು ಊದಿಕೊಂಡು ಹಾಳಾಗಿದ್ದವು.

ಈಗ ಅಡ್ಡಪರಿಣಾಮದ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಬೇಕು. ಯಾಕೆಂದರೆ ಅಡ್ಡಪರಿಣಾಮ ಎಲ್ಲಿಂದ ಬರುತ್ತದೆ ಅನ್ನುವುದು ನಿಮ್ಮ ಲೇಖನದಲ್ಲಿ ಇರಲಿಲ್ಲ.

ಮೊದಲಿಗೆ ನನಗೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ 5 ಮಿಲಿಗ್ರಾಂ ಕೊಟ್ಟರು. ಜೊತೆಗೆ ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್ ಮಾತ್ರೆ. ಸರ್ಕಾರದ ಕ್ಷಯ ಮಾತ್ರೆಗಳೂ ಶುರುವಾದವು. ಅವುಗಳಲ್ಲಿ ರಿಫಾಂಪಿಸಿನ್ ಎಂಬುದಿದೆ, ತಗೊಂಡವರಿಗೆ ಗೊತ್ತು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಈ ರಿಫಾಂಪಿಸಿನ್ ಪಿತ್ತಜನಕಾಂಗವನ್ನು ಚುರುಕು ಮಾಡುತ್ತದೆ. ಆಗ ಸ್ಟಿರಾಯ್ಡ್ ಮೈಯಲ್ಲಿ ಬೇಗ ಬೇಗ ಕರಗಿ ಹೋಗುತ್ತದೆ. ನುಂಗಿದ 5 ಮಿಲಿಗ್ರಾಂ ಸಾಲದು. ಹಾಗಾಗಿ ಡಾಕ್ಟರು ಡೋಸ್ ಎರಡು ಪಟ್ಟು ಮಾಡಿದರು. ಅದು ಸರಿಯಾದ ಕ್ರಮವೇ. ಹಾಗೆ ಏರಿಸದೆ ಕ್ಷಯದ ಔಷಧಿ ಶುರು ಮಾಡಿದರೆ ರೋಗಿ ಕುಸಿದು ಬೀಳಬಹುದು.

ತೊಂದರೆ ಆದದ್ದು ಆಮೇಲೆ. ಕ್ಷಯದ ಕೋರ್ಸ್ ಮುಗಿಯಿತು, ರಿಫಾಂಪಿಸಿನ್ ನಿಂತಿತು. ನಿಂತು ಕೆಲವು ವಾರದಲ್ಲಿ ಪಿತ್ತಜನಕಾಂಗ ಮೊದಲಿನ ವೇಗಕ್ಕೆ ಬರುತ್ತದೆ. ಆಗ ಡೋಸ್ ಇಳಿಸಬೇಕು. ಅಷ್ಟು ಹೊತ್ತಿಗೆ ದಾವಣಗೆರೆಯ ಡಾಕ್ಟರು ವರ್ಗವಾಗಿದ್ದರು. ನಾನು ತೋರಿಸುತ್ತಿದ್ದ ಕ್ಲಿನಿಕ್ಕಿನವರು ಹಳೇ ಚೀಟಿ ನೋಡಿ ಅದನ್ನೇ ಮುಂದುವರಿಸಿ ಎಂದು ಬರೆದರು. ಪ್ರತಿ ಸಲವೂ ಹಾಗೇ ಬರೆದರು. ವರ್ಷದ ಮೇಲೆ ನನ್ನ ಮೈಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಸ್ಟಿರಾಯ್ಡ್ ಹೋಯಿತು.

ಅದರ ಗುರುತು ಮೊದಲು ಸಿಕ್ಕಿದ್ದು ನನ್ನ ಟೇಪಿಗೆ. ನನ್ನ ಬ್ಲೌಸ್ ನಾನೇ ಹೊಲಿದುಕೊಳ್ಳುವವಳು, ಅಳತೆ ಪುಸ್ತಕದಲ್ಲಿ ನನ್ನದೂ ಒಂದು ಹಾಳೆ ಇದೆ. ಯಾರಾದರೂ ದಪ್ಪವಾದರೆ ಎದೆ, ಸೊಂಟ, ತೋಳು ಎಲ್ಲ ಒಟ್ಟಿಗೆ ಏರುತ್ತವೆ. ಇಷ್ಟು ವರ್ಷದ ಕಸುಬಿನಲ್ಲಿ ನಾನು ಕಂಡದ್ದು ಹಾಗೇ. ನನ್ನ ಸೊಂಟದ ಅಳತೆ ಇಂಚು ಇಂಚಾಗಿ ಏರಿತು, ತೋಳಿನ ಅಳತೆ ಇಳಿಯಿತು. ಹಳೇ ಬ್ಲೌಸಿನ ಪಟ್ಟಿ ಮುಂದೆ ಕೂಡುತ್ತಿಲ್ಲ, ಅದೇ ಬ್ಲೌಸಿನ ತೋಳು ಲೊಳಲೊಳ. ಕುತ್ತಿಗೆಯ ಹಿಂದೆ ಒಂದು ಉಬ್ಬು ಬಂದು ಬ್ಲೌಸಿನ ಹಿಂಭಾಗದ ಕತ್ತು ಎತ್ತಿ ನಿಲ್ಲುತ್ತಿತ್ತು. ಸ್ಟಿರಾಯ್ಡ್ ಜಾಸ್ತಿಯಾದರೆ ಕೊಬ್ಬು ಮುಖ, ಹೊಟ್ಟೆ, ಬೆನ್ನಿನ ಮೇಲ್ಭಾಗಕ್ಕೆ ಸೇರುತ್ತದೆ, ಕೈಕಾಲಿನ ಮಾಂಸಖಂಡ ಕರಗುತ್ತದೆ ಎಂದು ಬೆಂಗಳೂರಿನ ಹಾರ್ಮೋನು ತಜ್ಞರು ಆಮೇಲೆ ವಿವರಿಸಿದರು. ಮೆಷಿನ್ ಮುಂದಿನ ಸ್ಟೂಲಿನಿಂದ ಕೈ ಊರದೆ ಏಳಲು ಆಗದಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ತೊಡೆಯಲ್ಲಿ ಶಕ್ತಿಯೇ ಉಳಿದಿರಲಿಲ್ಲ.

ಇನ್ನೂ ಇತ್ತು. ಕತ್ತರಿಯ ಹಿಡಿ ಒತ್ತಿದ ಜಾಗದಲ್ಲಿ ಹೆಬ್ಬೆರಳ ಬುಡ ನೀಲಿಗಟ್ಟುತ್ತಿತ್ತು. ಚರ್ಮ ತೆಳ್ಳಗಾಗಿ ಸಣ್ಣ ಗೀರಿಗೂ ರಕ್ತ. ರಾತ್ರಿ ನಿದ್ದೆ ಇಲ್ಲ. ಸಕ್ಕರೆ ಗಡಿ ದಾಟಿತು, ಬಿಪಿ ಏರಿತು. ಫ್ಲೂಡ್ರೋಕಾರ್ಟಿಸೋನ್ ಕೂಡ ಹೆಚ್ಚಾಗಿದ್ದರಿಂದ ಸಂಜೆ ಹೊತ್ತಿಗೆ ಪಾದ ಊದಿ ಪೆಡಲ್ ತುಳಿಯುವುದು ಕಷ್ಟವಾಗುತ್ತಿತ್ತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಬೆನ್ನುಮೂಳೆ ತೆಳುವಾಗಿರುವುದು ಕಂಡಿತು. ಅದು ಮಾತ್ರ ಪೂರ್ತಿ ಸರಿಹೋಗಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ನಡೆಯುತ್ತಿದೆ.

ಬೆಂಗಳೂರಿನ ಡಾಕ್ಟರು ಮಾತ್ರೆ ಬಿಡಿಸಲಿಲ್ಲ. ಇಳಿಸಿದರು. ಹಂತ ಹಂತವಾಗಿ ಇಳಿಸಿ, ಪ್ರೆಡ್ನಿಸೋಲೋನ್ ಬದಲು ಹೈಡ್ರೋಕಾರ್ಟಿಸೋನಿಗೆ ತಂದರು. ಅದು ನಮ್ಮ ಮೈಯೇ ಮಾಡುವ ಕಾರ್ಟಿಸೋಲ್. ದೊಡ್ಡವರಿಗೆ ದಿನಕ್ಕೆ ಸುಮಾರು 15ರಿಂದ 25 ಮಿಲಿಗ್ರಾಂ, ಎರಡು ಮೂರು ಸಲ ಹಂಚಿ ಕೊಡುತ್ತಾರೆ. ನನ್ನದು ಎದ್ದ ಕೂಡಲೇ 10, ಮಧ್ಯಾಹ್ನ 5. ಬೆಳಿಗ್ಗೆಯೇ ಜಾಸ್ತಿ ಯಾಕೆಂದರೆ ಆರೋಗ್ಯವಂತರ ಮೈಯಲ್ಲೂ ಏಳುವ ಹೊತ್ತಿಗೇ ಕಾರ್ಟಿಸೋಲ್ ಹೆಚ್ಚಿರುತ್ತದೆ. ಸಂಜೆ ತಡವಾಗಿ ತಗೊಂಡರೆ ನಿದ್ದೆ ಕೆಡುತ್ತದೆ. ಕೆಲವೇ ತಿಂಗಳಲ್ಲಿ ಮುಖ ಇಳಿಯಿತು, ಬಿಪಿ ಇಳಿಯಿತು, ಸಕ್ಕರೆ ಮೊದಲಿನ ಮಟ್ಟಕ್ಕೆ ಬಂತು. ಅಳತೆ ಪುಸ್ತಕದಲ್ಲಿ ತೋಳಿನ ಅಂಕಿ ಮೇಲೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುತ್ತಿಲ್ಲ. ಆದರೆ ಅಡ್ಡಪರಿಣಾಮಕ್ಕೆ ಮದ್ದು ಸರಿಯಾದ ಅಳತೆ. ಈ ಕಾಯಿಲೆಯವರಿಗೆ ಮಾತ್ರೆ ನಿಲ್ಲಿಸುವುದು ಮದ್ದಲ್ಲ.

ಜನರಿಗೆ ಸ್ಟಿರಾಯ್ಡ್ ಅಂದರೆ ಇಷ್ಟು ಹೆದರಿಕೆ ಯಾಕೆ ಅಂತಲೂ ನನಗೆ ಗೊತ್ತು. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರದಿಂದ ಕಣ್ಣು ಕಳಕೊಂಡವರನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಬೇಕಿಲ್ಲದವರಿಗೂ ಸ್ಟಿರಾಯ್ಡ್ ಕೊಟ್ಟದ್ದು, ಸಕ್ಕರೆ ಏರಿದ್ದು ಅದಕ್ಕೆ ಒಂದು ಮುಖ್ಯ ಕಾರಣ ಎಂದು ತಜ್ಞರು ಹೇಳಿದರು. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಆದರೆ ಲೆಕ್ಕ ನೋಡಿ. ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಡುತ್ತಿದ್ದರು. ಅದು ಪ್ರೆಡ್ನಿಸೋಲೋನಿನ ಲೆಕ್ಕದಲ್ಲಿ 40 ಮಿಲಿಗ್ರಾಂ. ಅದೇ ಲೆಕ್ಕದಲ್ಲಿ ನಮ್ಮಂಥವರಿಗೆ ಬೇಕಾದದ್ದು 3ರಿಂದ 5 ಮಿಲಿಗ್ರಾಂ. ಅವರಿಗೆ ಕೊಡುವುದು ರೋಗ ಅಡಗಿಸಲು, ಮೈಯಲ್ಲಿ ಇರುವುದರ ಮೇಲೆ ಇನ್ನಷ್ಟು. ನಮಗೆ ಕೊಡುವುದು ಇಲ್ಲದ್ದನ್ನು ತುಂಬಲು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಬರೆದರೆ ನನ್ನ ಓರಗಿತ್ತಿಯಂಥವರು ಏನು ತಿಳಿದುಕೊಳ್ಳಬೇಕು?

ನಾವು ಮಾತ್ರವಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಹಾಳಾದ ಹೆಂಗಸರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅದಕ್ಕೆ ಶೀಹಾನ್ ಸಿಂಡ್ರೋಮ್ ಅನ್ನುತ್ತಾರೆ. ಬಾಣಂತಿಗೆ ಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ವರ್ಷಗಟ್ಟಲೆ ಸುಸ್ತು. ಅವರಿಗೂ ಇದೇ ಮಾತ್ರೆ ಬೇಕು. ಎಷ್ಟೋ ಸಲ ಥೈರಾಯ್ಡ್ ಕಮ್ಮಿ ಇರುವುದು ಮಾತ್ರ ಸಿಕ್ಕಿ ಅದರ ಮಾತ್ರೆ ಮೊದಲು ಕೊಟ್ಟುಬಿಡುತ್ತಾರೆ. ಕಾರ್ಟಿಸೋಲ್ ತುಂಬದೆ ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಅವರು ಕುಸಿಯಬಹುದು. ಹುಟ್ಟಿನಿಂದಲೇ ಅಡ್ರಿನಲ್ ತೊಂದರೆ ಇರುವ ಮಕ್ಕಳೂ ಇದ್ದಾರೆ. ಆ ತಾಯಂದಿರು ನಿಮ್ಮ ಲೇಖನ ಓದಿ ಎಷ್ಟು ಗಾಬರಿಯಾಗಿರಬೇಕು ಅಂತ ಯೋಚಿಸುತ್ತೇನೆ.

ಮಂಡಿನೋವಿಗೆ, ದಮ್ಮಿಗೆ ಅಂತ ಪೊಟ್ಟಣದ ಪುಡಿ ತಗೊಳ್ಳುವ ಹಿರಿಯರ ಮಾತೂ ಹೇಳಬೇಕು. ಅಂಥ ಎಷ್ಟೋ ಪುಡಿಗಳಲ್ಲಿ ಹೇಳದೇ ಸ್ಟಿರಾಯ್ಡ್ ಬೆರೆಸಿರುತ್ತಾರೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಬಂದರೆ ಒಳಗಿನ ಗ್ರಂಥಿ ಕೆಲಸ ನಿಲ್ಲಿಸುತ್ತದೆ. ಪುಡಿ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ದಿನಕ್ಕೆ ಬಿಟ್ಟರೆ ಅವರಿಗೂ ನನ್ನ ಗತಿಯೇ. ಡಾಕ್ಟರ ಹತ್ತಿರ ಪೊಟ್ಟಣ ತಗೊಂಡು ಹೋಗಿ ತೋರಿಸಿ, ಅವರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. 'ಬೇಗ ಬಿಡಿ' ಅನ್ನುವ ಸಲಹೆ ಅವರಿಗೂ ಅಪಾಯವೇ.

ಬಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ಕಂಡಿದ್ದೇನೆ. ನಾನು ಬಿಟ್ಟಿರಲಿಲ್ಲ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಮದುವೆ ಊಟದ ನಂತರ ವಾಂತಿ ಭೇದಿ ಶುರುವಾಯಿತು, ಜ್ವರವೂ ಬಂತು. ನುಂಗಿದ ಮಾತ್ರೆ ಎರಡೂ ಸಲ ಹೊರಗೆ. ರಾತ್ರಿ ಮಗಳು, ಅಳಿಯ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರಕೊಂಡು ಹೋದರು. ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ನನ್ನ ಪರ್ಸಿನಲ್ಲೇ ಇರುತ್ತದೆ: ಅಡಿಸನ್ ಕಾಯಿಲೆ ಇದೆ, ವಾಂತಿ ಅಥವಾ ಬಿಪಿ ಕುಸಿತ ಇದ್ದರೆ ತಡಮಾಡದೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಡಿ, ಸಲೈನ್ ಹಾಕಿ. ಮಗಳು ಅದನ್ನು ತೋರಿಸಿದಳು. ರಾತ್ರಿ ಪಾಳಿಯ ಡಾಕ್ಟರು ಚಿಕ್ಕ ವಯಸ್ಸಿನವರು. "ಜ್ವರ ಇದೆ, ಸೋಂಕಿರಬಹುದು, ಈಗ ಸ್ಟಿರಾಯ್ಡ್ ಕೊಟ್ಟರೆ ಸೋಂಕು ಜಾಸ್ತಿ ಆಗುತ್ತದೆ. ಬೆಳಿಗ್ಗೆ ದೊಡ್ಡ ಡಾಕ್ಟರು ಬರಲಿ" ಅಂದರು. ಗ್ಲೂಕೋಸ್ ಹಾಕಿ ಮಲಗಿಸಿದರು.

ನನ್ನ ಬಿಪಿಯ ಮೇಲಿನ ಅಂಕಿ 70ಕ್ಕೆ ಇಳಿಯಿತು. ಮಗಳು ಕರೆಯುವುದು ಕೇಳುತ್ತಿತ್ತು, ಉತ್ತರ ಕೊಡಲು ನಾಲಿಗೆ ಏಳುತ್ತಿರಲಿಲ್ಲ. ಅವಳು ಬೆಂಗಳೂರಿನ ಡಾಕ್ಟರಿಗೆ ಫೋನು ಹಚ್ಚಿ, ಫೋನನ್ನು ಆ ಡಾಕ್ಟರ ಕೈಗೆ ಕೊಟ್ಟಳು. ಆಮೇಲೆ ಇಂಜೆಕ್ಷನ್ ಬಂತು. ಎಲ್ಲಿಂದ? ಅದೇ ನರ್ಸಿಂಗ್ ಹೋಮಿನ ಕಪಾಟಿನಿಂದ. ಉಬ್ಬಸಕ್ಕೆ, ಅಲರ್ಜಿಗೆ ಕೊಡಲು ಇಟ್ಟುಕೊಂಡಿರುವ ಔಷಧಿಯೇ ಅದು. ದುಬಾರಿಯದ್ದೂ ಅಲ್ಲ, ಅಪರೂಪದ್ದೂ ಅಲ್ಲ. ಬೆಳಗಾಗುವ ಹೊತ್ತಿಗೆ ನಾನು ಎದ್ದು ಕೂತು ಗಂಜಿ ಕೇಳಿದೆ.

ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದೂ ಇಲ್ಲ. ಅವರು ಹೆದರಿದ್ದು ಇದೇ ಅಡ್ಡಪರಿಣಾಮಕ್ಕೆ. ಆದರೆ ಸೋಂಕು ಬಂದಾಗ ಆರೋಗ್ಯವಂತರ ಗ್ರಂಥಿ ತಾನಾಗಿಯೇ ಹಲವು ಪಟ್ಟು ಕಾರ್ಟಿಸೋಲ್ ಸುರಿಸುತ್ತದೆ. ನಮ್ಮದು ಸುರಿಸುವುದಿಲ್ಲ. ಅದಕ್ಕೇ ಜ್ವರ ಬಂದ ದಿನ ನಾವು ಮಾತ್ರೆಯನ್ನು ಎರಡು ಪಟ್ಟು, ಜೋರು ಜ್ವರವಾದರೆ ಮೂರು ಪಟ್ಟು ಮಾಡಿಕೊಳ್ಳಬೇಕು, ಇಳಿದ ಮೇಲೆ ಮಾಮೂಲಿಗೆ ಬರಬೇಕು. ವಾಂತಿಯಾದರೆ ಇಂಜೆಕ್ಷನ್ನೇ ಗತಿ. ಆಪರೇಷನ್ ಇದ್ದರೆ ಮೊದಲೇ ಹೇಳಬೇಕು. ಎರಡು ಮೂರು ದಿನ ಹೆಚ್ಚು ತಗೊಂಡರೆ ಮೂಳೆ ಸವೆಯುವುದಿಲ್ಲ, ಮುಖ ಊದುವುದಿಲ್ಲ. ಅವೆಲ್ಲ ತಿಂಗಳು, ವರ್ಷ ಹೆಚ್ಚು ತಗೊಂಡರೆ ಬರುವಂಥವು. ಕಾಯಿಲೆ ಗೊತ್ತಿದ್ದು ಮಾತ್ರೆ ತಗೊಳ್ಳುತ್ತಿರುವವರಲ್ಲೂ ಇಂಥ ಕುಸಿತ ಆಗುತ್ತಲೇ ಇರುತ್ತದೆ. ಅದಕ್ಕೆ ಹೆಚ್ಚಾಗಿ ಕಾರಣ ವಾಂತಿ ಭೇದಿ ಮತ್ತು ಜ್ವರ.

ನಮ್ಮ ಮನೆಗಳಲ್ಲಿ ಒಳ್ಳೆಯದೆಂದು ಮಾಡುವ ಕೆಲವು ಸಂಗತಿಗಳನ್ನೂ ಬರೆಯಬೇಕು ಅನ್ನಿಸಿತು. ಕೆಮ್ಮಿದರೆ ಜೇಷ್ಠಮಧು ಕಷಾಯ ಕೊಡುತ್ತೇವೆ. ಅದು ಮೈಯಲ್ಲಿ ಕಾರ್ಟಿಸೋಲಿನ ಕೆಲಸವನ್ನು ಹೆಚ್ಚಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಈ ಮಾತ್ರೆಗಳಲ್ಲಿರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಬಿಪಿ ಇರುವ ಅತ್ತೆಗೆ ಉಪ್ಪು ಕಮ್ಮಿ ಹಾಕುತ್ತೀರಲ್ಲ, ಅದೇ ಸಾರನ್ನು ಅಡಿಸನ್ ಇರುವ ಸೊಸೆಗೂ ಹಾಕಬೇಡಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ನನಗೆ ಮಜ್ಜಿಗೆಗೆ ಉಪ್ಪು ಜಾಸ್ತಿ ಹಾಕಿ ಕುಡಿಯಲು ಡಾಕ್ಟರೇ ಹೇಳಿದ್ದಾರೆ. ಉಪವಾಸ ಮಾಡುವವರು ಮೊದಲು ಡಾಕ್ಟರನ್ನು ಕೇಳಿಕೊಳ್ಳಿ. ಶಿವರಾತ್ರಿಗೆ ನಾನು ಹಣ್ಣು ಹಾಲು ತಗೊಂಡೇ ಮಾತ್ರೆ ನುಂಗುತ್ತೇನೆ.

2022ರಲ್ಲಿ ಕೇಂದ್ರ ಸರ್ಕಾರ ಅಗತ್ಯ ಔಷಧಿಗಳ ಪಟ್ಟಿಗೆ ಫ್ಲೂಡ್ರೋಕಾರ್ಟಿಸೋನನ್ನು ಸೇರಿಸಿತು. ಓದಿದಾಗ ಕಣ್ಣಲ್ಲಿ ನೀರು ಬಂತು. ಆದರೆ ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಇವತ್ತಿಗೂ ಕೇಳಿದ ತಕ್ಷಣ ಸಿಗುವುದಿಲ್ಲ. ಮೊದಲೇ ಹೇಳಿ ತರಿಸಬೇಕು. ಒಂದು ಸ್ಟ್ರಿಪ್ ಬಾಕಿ ಇರುವಾಗಲೇ ನಾನು ಹೇಳಿಬಿಡುತ್ತೇನೆ. ತಾಲೂಕು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಹೈಡ್ರೋಕಾರ್ಟಿಸೋನ್ ಮತ್ತು ಫ್ಲೂಡ್ರೋಕಾರ್ಟಿಸೋನ್ ಮಾತ್ರೆ ಎರಡೂ ಇರಬೇಕು ಎಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ರೋಗಿ ಹತ್ತಿರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದ ಒಂದು ಕಾರ್ಡ್ ಇರಲಿ. ಬೇರೆ ದೇಶಗಳಲ್ಲಿ ಸ್ಟಿರಾಯ್ಡ್ ಕಾರ್ಡ್ ಅಂತ ಕೊಡುತ್ತಾರೆ. ಕೈಬರಹದ ಚೀಟಿಗಿಂತ ಸರ್ಕಾರದ ಮುದ್ರೆ ಇರುವ ಕಾರ್ಡನ್ನು ರಾತ್ರಿ ಪಾಳಿಯ ಡಾಕ್ಟರು ಬೇಗ ನಂಬುತ್ತಾರೆ. ಕ್ಷಯದ ಕೋರ್ಸ್ ಮುಗಿದ ದಿನ, ಸ್ಟಿರಾಯ್ಡ್ ಡೋಸ್ ಮತ್ತೆ ನೋಡಬೇಕಾದವರು ಇದ್ದಾರಾ ಅಂತ ಕೇಳುವ ಒಂದು ಸಾಲು ಕ್ಷಯ ಕೇಂದ್ರದ ಫಾರಂನಲ್ಲಿ ಇದ್ದಿದ್ದರೆ ನನ್ನ ಬೆನ್ನುಮೂಳೆ ಉಳಿಯುತ್ತಿತ್ತು.

ಇನ್ನು ನಿಮ್ಮನ್ನು ಕೇಳಿಕೊಳ್ಳುವುದು. ಆ ಲೇಖನ ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿ. ಅಡ್ರಿನಲ್ ಅಥವಾ ಪಿಟ್ಯುಟರಿ ಕಾಯಿಲೆಗೆ ಸ್ಟಿರಾಯ್ಡ್ ತಗೊಳ್ಳುತ್ತಿರುವವರು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು, ಬೇರೆ ಕಾಯಿಲೆಗೆ ಕೆಲವು ವಾರಕ್ಕಿಂತ ಹೆಚ್ಚು ತಗೊಂಡವರೂ ದಿಢೀರನೆ ಬಿಡಬಾರದು ಎಂದು ಅದರಲ್ಲಿರಲಿ. ಮುಖ ಊದಿದರೆ, ಹೊಟ್ಟೆ ಬಂದು ಕೈಕಾಲು ಸೊರಗಿದರೆ, ಸಕ್ಕರೆ, ಬಿಪಿ ಏರಿದರೆ ಡೋಸ್ ಹೆಚ್ಚಾಗಿದೆಯಾ ಎಂದು ಡಾಕ್ಟರನ್ನು ಕೇಳಿ ಎಂದೂ ಬರೆಯಿರಿ. ವರ್ಷಕ್ಕೊಮ್ಮೆಯಾದರೂ ತೂಕ, ಬಿಪಿ, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ ನೋಡಿಸಿಕೊಳ್ಳುವುದು, ಡಾಕ್ಟರು ಹೇಳಿದಾಗ ಕಣ್ಣು ಮತ್ತು ಮೂಳೆ ಪರೀಕ್ಷೆ ಮಾಡಿಸುವುದು, ಇವನ್ನೂ ಸೇರಿಸಿ. ಒಬ್ಬ ಹಾರ್ಮೋನು ತಜ್ಞರಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಆ ಪುಟವನ್ನು ನಾನೇ ಕತ್ತರಿಸಿ ನಮ್ಮೂರಿನ ಮೆಡಿಕಲ್ ಶಾಪುಗಳಿಗೆ ಕೊಟ್ಟು ಬರುತ್ತೇನೆ.

ಇಂತಿ ನಿಮ್ಮ ಓದುಗಿ,
ಚಳ್ಳಕೆರೆ
(ಹೆಸರು ಹಾಕಬೇಡಿ)